ಹರಿಹರಕ್ಕೆ ಹೋಗದ ಮಲ್ಲಿಗೆ

ಈ ಭಾನುವಾರ ನಲ್ಲಿ ನೀರು ಹಿಡಿದೆ, ಅತ್ತೆಯವರ ವಿಭೂತಿ ಬಟ್ಟಲು ತೊಳೆದೆ, ಮೈದುನ ಬಸುವಿನ ಕಪ್ಪು ಟೀ ಶರ್ಟುಗಳನ್ನು ಬಣ್ಣ ಹೋಗದಂತೆ ಒಳಮೈ ಹೊರಗೆ ಮಾಡಿ ಒಣಹಾಕಿದೆ, ಮಲ್ಲಿಗೆ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಕಪ್ಪು ಬಟ್ಟೆ ಒಗೆಯುವುದರಲ್ಲಿ ನಾನು ಗಳಿಸಿರುವ ಪಾಂಡಿತ್ಯಕ್ಕೆ ಬಸುವಿನ ರಾಕ್ ಸಂಗೀತವೇ ಕಾರಣ. ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಗಿಟಾರು ಬೆನ್ನಿಗೇರಿಸಿ, ವೇದಿಕೆ ಹತ್ತುವ ದಿನ ನನ್ನದೇ ಕಾಡಿಗೆ ತೀಡಿಕೊಂಡು ಸ್ಕೂಟರಿನಲ್ಲಿ ಹೊರಡುವ ಗಂಡಸು ಅವನೊಬ್ಬನೇ. ಅಷ್ಟು ಜನರೆದುರು ಗಂಟಲು ಹರಿಯುವಂತೆ ಹಾಡುವವನಿಗೆ ಅಂಜಿಕೆಯೇ ಇರಲಾರದೆಂದು, ಮಹಿಳಾ ಸಂಘದ ವಂದನಾರ್ಪಣೆಯನ್ನೂ ಚೀಟಿ ನೋಡಿ ಓದುವ ನಾನು ತೀರ್ಮಾನಿಸಿದ್ದೆ.

ಮಲ್ಲಿಗೆ, ಅಂದು ಬಸುವಿಗಾಗಿ ನಾವು ನೋಡಲು ಹೊರಟಿದ್ದ ಹರಿಹರದ ಹುಡುಗಿಗೆ. ನಮ್ಮ ಮನೆತನದಲ್ಲಿ ಹೆಣ್ಣು ಒಪ್ಪಿಗೆಯಾದರೆ ಬಾಯಲ್ಲಿ ಹೇಳುವುದಿಲ್ಲ. ಹುಡುಗನ ಅತ್ತಿಗೆ ಎದ್ದು ಹೂ ಮುಡಿಸಿದರೆ ಸಂಬಂಧ ಗಟ್ಟಿ. ಫೋಟೊ ನೋಡಿಯೇ ಅತ್ತೆ ಒಪ್ಪಿದ್ದರು.

ಯಜಮಾನರು ಕಾರು ತರಲು ಹೋಗಿದ್ದಾಗ ಬಸು ಅಡುಗೆಮನೆಗೆ ಬಂದ.

"ಅತ್ತಿಗೆ, ಆ ಹೂ ಮುಡಿಸಬ್ಯಾಡ್ರಿ."

"ಯಾಕೋ, ಹುಡುಗಿ ಚೆಂದಿಲ್ಲೇನು?"

"ಚೆಂದ ಅದಾಳ್ರಿ. ನನಗ ಹುಡುಗೀರ ಮ್ಯಾಲೆ ಮನಸ್ಸು ಬರಲ್ಲ. ಬರೋದು ಗಂಡಸರ ಮ್ಯಾಲೆ."

ಅವ್ವನಿಗೆ ಹೇಳಿದೆಯಾ ಎಂದೆ.

"ಮೈಕ್ ಇದ್ದಿದ್ರೆ ಹೇಳ್ತಿದ್ದೆ" ಎಂದು ನಗಲು ನೋಡಿದ, ಆಗಲಿಲ್ಲ. ನಾನೇ ಹೇಳಲೇ ಎಂದರೆ, "ಬ್ಯಾಡ್ರಿ, ನನ್ನ ಬಾಯಿಂದನ ಬರ್ಲಿ" ಎಂದ.

ಉದ್ದ ಕೂದಲು, ಕಾಡಿಗೆ, ಕಿವಿಯ ರಿಂಗು ಇವನ್ನೇ ನಾವು ಧೈರ್ಯವೆಂದು ಎಣಿಸುತ್ತೇವೆ, ನೋಡಿ, ಕಣ್ಣಿಗೆ ಕಾಣುತ್ತವಲ್ಲ. ಪಡಸಾಲೆಯಲ್ಲಿ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ತಾಯಿಯ ಎದುರು ಕೂತು ಅವನು ಆಡಿದ ಮಾತು ಬಾಗಿಲಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಸಣ್ಣ ದನಿ.

ಅತ್ತೆ ನೆರಿಗೆಯಿಂದ ಕೈ ತೆಗೆದರು. "ಕೂದ್ಲು ಕಡಿಸಿದ್ರ ಸರಿಹೋಗ್ತೀ ಅನ್ಕೊಂಡಿದ್ನಲ್ಲೋ."

"ಕೂದ್ಲಿಂದು ಬ್ಯಾರೆ, ಅವ್ವ. ಇದು ಬ್ಯಾರೆ."

"ಹಂಗಾರ ಮೊದ್ಲು ಹರಿಹರಕ್ಕೆ ಫೋನ್ ಮಾಡು. ಆ ಹುಡುಗೀನ ಸೀರೆ ಉಡ್ಸಿ ಕೂಡ್ಸಿರ್ತಾರೆ. ನಿನ್ನ ಸಲುವಾಗಿ ಅದು ಯಾಕ ಕಾಯ್ಬೇಕು?"

ಬಸುವೇ ಮಾಡಿದ. "ನಿಮ್ಮ ಹುಡುಗೀದು ಏನೂ ಕೊರತೆ ಇಲ್ರಿ, ಮದುವಿ ಬ್ಯಾಡಾಗಿರೋದು ನನಗ" ಎನ್ನುತ್ತ, ಫೋನಿನಲ್ಲಿ ಕಾಣದೆಂಬುದನ್ನೂ ಮರೆತು ತಲೆಬಾಗಿದ. ಹೊರಗೆ ಯಜಮಾನರು ಹಾರ್ನ್ ಹೊಡೆದರು, ಯಾರೂ ಏಳಲಿಲ್ಲ.

ಮಧ್ಯಾಹ್ನ ನಿನ್ನೆಯ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ಪಡಸಾಲೆಯ ಚಾಪೆಯ ಮೇಲೆ ಮೊದಲು ನಿದ್ದೆ ಹೋದವನು ಬಸು. ಅತ್ತೆ ಉಟ್ಟ ರೇಷ್ಮೆಯಲ್ಲೇ ಅವನ ಪಕ್ಕ ಕೂತು ಸಂಜೆಯವರೆಗೂ ಎಚ್ಚರವಿದ್ದರು.