ಅಂಡಮಾನಿಗೆ ಹೊರಟ ಮುದ್ದೆ ಕೋಲು

ನೆನೆದರೆ ಈಗಲೂ ಮೈ ಉರಿಯುತ್ತದೆ. ನಾಲ್ಕು ದಿನ ಒಲೆಯ ಮುಖ ನೋಡದೆ ಅಂಡಮಾನಿನ ಸಮುದ್ರದ ಮುಂದೆ ಸುಮ್ಮನೆ ಕೂರೋಣವೆಂದು ನಾನೂ ನಮ್ಮ ಯಜಮಾನರೂ ಮಾತಾಡಿಕೊಂಡಿದ್ದೆವು. ಅವರೋ ಹಂಗಳದ ಅಣ್ಣನ ಮನೆಯವರು, ಬೇಗೂರಿನ ತಂಗಿಯ ಮನೆಯವರು, ಎಲ್ಲರನ್ನೂ ಹೊರಡಿಸಿಬಿಟ್ಟರು.

ಹೊರಡುವ ಹಿಂದಿನ ದಿನ ಹಂಗಳದ ಭಾವ ಗುಂಡ್ಲುಪೇಟೆಯ ನಮ್ಮ ಮನೆಗೆ ರಾಗಿಹಿಟ್ಟಿನ ಚೀಲ ತಂದಿಳಿಸಿದರು.

"ಓಟ್ಲೂಟ ನಮ್ಗಾಗಕಿಲ್ಲ ಕಣಮ್ಮ. ಅಡುಗೆಮನೆ ಇರೋ ರೂಮೇ ಬುಕ್ ಮಾಡ್ಸ್‌ಬುಟ್ಟಿವ್ನಿ. ಮುದ್ದೆ ಮಾಡಾಕೆ ನೀನಿದ್ದೀಯಲ್ಲ!"

ಯಜಮಾನರು ಪಕ್ಕದಲ್ಲಿ ನಿಂತು ಹಲ್ಲು ಕಿರಿದರು. ನಾನು ಒಳಗೆ ಹೋಗಿ, ಮುದ್ದೆ ತಿರುವುವ ಕೋಲನ್ನು ತಂದು ಅವರ ಬ್ಯಾಗಿಗೆ ತುರುಕಿದೆ.

"ಎಲ್ಲಾರೂ ಓಗ್‌ಬನ್ನಿ. ನೀವ್ಯಾರೂ ಇಲ್ದಿದ್ರೆ ನಂಗೆ ಈ ಮನೇನೇ ಅಂಡಮಾನು."