ಕುಸಿದ ಏರಿ

ಅಜ್ಜಂಪುರಕ್ಕೆಲ್ಲ ಬೋರ್ಡು ಬರೆಯುವವನು ಮುಕ್ತಿಯಾರ್ ಒಬ್ಬನೇ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದರೂ ಏಣಿ ಇಳಿದು ಕುರ್ಚಿಯಲ್ಲಿ ಕೂರುವ ಯೋಗ ಬಂದಿರಲಿಲ್ಲ. ೧೯೭೯ರಲ್ಲಿ ಖಾಸಗಿ ಹೈಸ್ಕೂಲೊಂದರ ಸೆಕ್ರೆಟರಿ ಷಣ್ಮುಖಪ್ಪ ಆಸೆ ಹುಟ್ಟಿಸಿದರು: "ಕಡೂರಿನ ಎಕ್ಸಿಬಿಷನ್‌ಗೆ ಬುಕ್ಕಾಂಬುಧಿ ಕೆರೆದೊಂದು ಮಾಡೆಲ್ ಮಾಡ್ಕೊಡು. ಡ್ರಾಯಿಂಗ್ ಮಾಸ್ಟ್ರು ಕೆಲ್ಸ ನಿಂದೇ ಕಣಪ್ಪ."

ಮುಕ್ತಿಯಾರ್ ಎರಡು ತಿಂಗಳು ಜೀವ ತೇದ. ಹಗ್ಗ ಹಿಡಿದು ಕೆರೆಯ ಏರಿ ಅಳೆದು ಬಂದ. ರೇಡಿಯೋ ಅಂಗಡಿಯವರು ಬಿಸಾಡಿದ ಥರ್ಮೋಕೋಲ್ ತಂದು ಏರಿ, ಗುಡ್ಡ ಕೊರೆದ. ಬಣ್ಣದಲ್ಲಿನ ಥಿನ್ನರ್ ನೇರ ತಾಗಿದರೆ ಥರ್ಮೋಕೋಲ್ ಕರಗುತ್ತದೆಂದು ಮೈದಾ ಅಂಟಿನಲ್ಲಿ ಕಾಗದ ಮೆತ್ತಿ, ಅದರ ಮೇಲೆ ಬಳಿದ. ಚೆಲ್ಲಿದರೆ ಹೀರಲೆಂದು ಪಕ್ಕದಲ್ಲೇ ಒಂದು ಬುಟ್ಟಿ ಮರದ ಹೊಟ್ಟು ಇಟ್ಟುಕೊಂಡ.

ಎಕ್ಸಿಬಿಷನ್ನಿನ ಹಿಂದಿನ ದಿನ ಸೆಕ್ರೆಟರಿ ನೋಡಲು ಬಂದರು. ಬಗ್ಗಿದಾಗ ಅವರ ಶಲ್ಯ ನೀಲಿ ಬಣ್ಣದ ಡಬ್ಬಿಗೆ ಸಿಕ್ಕಿ, ಬಣ್ಣವೆಲ್ಲ ಏರಿಯ ಮೇಲೆ ಹರಿಯಿತು.

"ಮುಟ್ಬೇಡಿ ಸಾರ್! ಹೊಟ್ಟು ಹೀರ್ಕೊಳ್ಳುತ್ತೆ, ಬೆಳಿಗ್ಗೆ ಕೆರೆದು ಹಸಿರು ಬಳೀತೀನಿ" ಎಂದ ಮುಕ್ತಿಯಾರ್, ಹೊಟ್ಟು ಎರಚುತ್ತ.

ದೊಡ್ಡವರು ಯಾರ ಮಾತು ಕೇಳಿಯಾರು? "ಬೋರ್ಡ್ ಮೇಲೆ ಬಿದ್ರೆ ನೀನು ಥಿನ್ನರ್ ಹಾಕಿ ಒರೆಸಲ್ವೇನೋ? ನಾನು ನೋಡಿಲ್ವಾ?" ಎಂದು ಬಾಟಲಿ ಎತ್ತಿ ಸುರಿದೇಬಿಟ್ಟರು. ಕಾಗದ ನೆನೆದು ಒಳಗಿನ ಥರ್ಮೋಕೋಲ್ ಸುರ್ರೆಂದು ಕರಗಿತು. ಎರಡು ತಿಂಗಳ ಏರಿ ಕಣ್ಣೆದುರೇ ಕುಸಿದು ಕೂತಿತು.

ಷಣ್ಮುಖಪ್ಪನವರ ಮುಖ ಸಣ್ಣದಾಯಿತು, ಅದೂ ಒಂದೇ ಗಳಿಗೆ. "ಕಮಿಟಿ ಮುಂದೆ ನನ್ ಮಾನ ಹೋಯ್ತದೆ ಕಣೋ. ನಿನ್ ಕೈಜಾರಿ ಚೆಲ್ತು ಅಂತ ಬರ್ಕೊಡು. ನಿನ್ ಕೆಲ್ಸದ ಆರ್ಡರ್ ನನ್ ಕೈಲೈತೆ."

ಮುಕ್ತಿಯಾರ್ ತನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟ. ಹೆಂಡತಿ ಶಾಕಿರಾ ಕೇಳಿ ಹಣೆ ಬಡಿದುಕೊಂಡಳು.

ಜೂನ್‌ನಲ್ಲಿ ಆ ಕೆಲಸ ಸೆಕ್ರೆಟರಿಯ ಷಡ್ಡಕನ ಮಗ ಓಂಕಾರಮೂರ್ತಿಗಾಯಿತು. ಕೇಳಲು ಹೋದ ಮುಕ್ತಿಯಾರ್‌ಗೆ ಷಣ್ಮುಖಪ್ಪ ಅದೇ ಕಾಗದ ತೋರಿಸಿದರು: "ನಾನೇನ್ ಮಾಡ್ಲಪ್ಪಾ? ಕೈ ಹಿಡಿತ ಇಲ್ದೋನಿಗೆ ಮಕ್ಕಳನ್ನ ಹೆಂಗ್ ಒಪ್ಸೋದು ಅಂತ ಕಮಿಟಿಯೋರು ಕೇಳ್ತಾರೆ." ನಾಚಿಕೆ ಎಂಬುದು ಕೆಲವರ ಹತ್ತಿರ ಸುಳಿಯುವುದೇ ಇಲ್ಲ. ಅದು ಸುಳ್ಳೆಂದು ಕೂಗಬೇಕೆನಿಸಿತು ಮುಕ್ತಿಯಾರ್‌ಗೆ. ಆದರೆ ಬರೆದುಕೊಟ್ಟ ಕೈ ತನ್ನದೇ.

೧೯೮೪ರಲ್ಲಿ ಶಾಲೆಗೆ ಹೊಸ ಕಟ್ಟಡವಾದಾಗ ಮಾಸ್ತರರ ಹೆಸರಿನ ಬೋರ್ಡು ಬರೆಯಲು ಅವನನ್ನೇ ಕರೆಸಿದರು. ಊರಿಗೆ ಬೇರೆ ಯಾರಿದ್ದರು? ಏಣಿ ಹತ್ತಿ ಒಂದೊಂದೇ ಹೆಸರು ಬರೆದ. ಚಿತ್ರಕಲೆಯ ಮುಂದೆ ಓಂಕಾರಮೂರ್ತಿ ಎಂದು ಬರೆಯುವಾಗಲೂ ಕೈ ನಡುಗಲಿಲ್ಲ, ಒಂದು ಹನಿ ಬಣ್ಣ ಕೆಳಗೆ ಬೀಳಲಿಲ್ಲ.

ಕೆಳಗೆ ನಿಂತಿದ್ದ ಷಣ್ಮುಖಪ್ಪ ತಲೆದೂಗಿದರು. "ಏನ್ ಹಿಡಿತ ಕಣಯ್ಯಾ ನಿನ್ ಕೈದು!"