ಹಿರೇಕೆರೂರಿನಲ್ಲಿ ಕಲಿತ ಚದುರಂಗ

"ಏಳ್ರಿ ಬಾಯಾರ, ಎಷ್ಟೊತ್ತು ಗ್ವಾಡಿ ನೋಡ್ಕೊಂತ ಕುಂದರ್ತೀರಿ!"

ಬಾಡಿಗೆಗೆ ಬಂದ ಮೂರನೆಯ ದಿನ ಮನೆಯೊಡತಿ ನೀಲವ್ವ ಹೀಗೆ ಗದರಿದಾಗ ನನಗೆ ಅಳುವೇ ಬಂತು. ಮೈಸೂರಿನಲ್ಲಿ ನಮ್ಮಪ್ಪ ಕೂಡ ಅಷ್ಟು ಜೋರಾಗಿ ಮಾತಾಡಿದವರಲ್ಲ. ಹೋದ ವರ್ಷ, ೧೯೭೯ರ ಮಳೆಗಾಲದಲ್ಲಿ, ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ವರ್ಷದೊಳಗೆ ವರ್ಗ ಮಾಡಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಅದನ್ನೇ ನೆಚ್ಚಿಕೊಂಡು ದಿನ ನೂಕುತ್ತಿದ್ದೆ. ಈ ಜನ ಬೈಯುವುದೂ ಕರೆಯುವುದೂ ಒಂದೇ ದನಿಯಲ್ಲಿ, 'ಬಾಯಾರ' ಎಂಬುದು ಮರ್ಯಾದೆಯ ಮಾತು ಎಂದು ತಿಳಿಯಲು ಹದಿನೈದು ದಿನ ಹಿಡಿಯಿತು.

ಅವತ್ತು ಕರೆದದ್ದು ಚದುರಂಗಕ್ಕೆ. ಗಂಡ ಹತ್ತಿ ವ್ಯಾಪಾರಕ್ಕೆ ಊರೂರು ತಿರುಗುವವರು, ನೀಲವ್ವನಿಗೆ ಆಡಲು ಜೊತೆ ಬೇಕಿತ್ತು. ಬಟ್ಟೆಯ ಹಾಸು, ಕೆಂಪು-ಹಸಿರು ಮರದ ಕಾಯಿಗಳು. ಆನೆ ನೇರ, ಒಂಟೆ ಓರೆ, ಕುದುರೆ ಎರಡೂವರೆ ಮನೆ; ಪ್ಯಾದೆ, ಅಂದರೆ ಕಾಲಾಳು, ಮುಂದಕ್ಕೆ ಒಂದೇ ಮನೆ. ಜೋಳದ ರೊಟ್ಟಿ ನುಂಗುವುದನ್ನೂ ಕುದುರೆ ನಡೆಸುವುದನ್ನೂ ಒಟ್ಟಿಗೇ ಕಲಿತೆ. ಎರಡರಲ್ಲೂ ಸಿಕ್ಕಿಹಾಕಿಕೊಂಡದ್ದೇ ಹೆಚ್ಚು.

ದಿನಾ ಸೋಲು. ಆದರೆ ನನ್ನ ಕಾಯಿಗಳನ್ನೆಲ್ಲ ಹೊಡೆದ ನೀಲವ್ವ ಕೊನೆಯದೊಂದನ್ನು ಮುಟ್ಟುತ್ತಿರಲಿಲ್ಲ. ಕೈಗೆ ಸಿಕ್ಕರೂ ಬಿಟ್ಟು, ಸುತ್ತಿ ಬಳಸಿ ರಾಜನನ್ನು ಕಟ್ಟುತ್ತಿದ್ದರು. ನನಗೆ ರೇಗಿತು.

"ಕನಿಕರ ಬೇಡ, ಅದನ್ನೂ ಹೊಡೀರಿ!"

"ಕನಿಕರ ಅಲ್ರಿ, ಆಟಾನ ಹಂಗೈತಿ. ರಾಜಾ ಒಬ್ಬಾವ್ನ ಉಳದ್ರ ಅದು ಗೆದ್ದಂಗಲ್ಲ. ಜೋಡಿಗೆ ಯಾರರ ಒಬ್ರು ಇರಬೇಕು." ಆಮೇಲೆ ನನ್ನತ್ತ ನೋಡದೆ ಹೇಳಿದರು: "ನೀವೂ ಒಬ್ರ ಕುಂತು ಉಣಬ್ಯಾಡ್ರಿ. ನಾಳಿಂದ ಇಲ್ಲೇ ಬರ್ರಿ."

ಮರುದಿನ, ಊರು ಬಿಟ್ಟ ಮೇಲೆ ಮೊದಲ ಸಲ, ಹೊಟ್ಟೆ ತುಂಬ ಉಂಡೆ.

ಯುಗಾದಿಗೆ ರಜೆ ಹಾಕಿ ಮೈಸೂರಿಗೆ ಹೋದರೆ ವರ್ಗದ ಅರ್ಜಿ ಸಿದ್ಧವಾಗಿತ್ತು, ನನ್ನ ರುಜುವೊಂದೇ ಬಾಕಿ. ಅಪ್ಪ ಪೆನ್ನು ಹುಡುಕುವಷ್ಟರಲ್ಲಿ ತಮ್ಮನ ಜೊತೆ ಆಟಕ್ಕೆ ಕೂತೆ. ಅವನ ಪ್ಯಾದೆ ಮೊದಲ ನಡೆಯಲ್ಲೇ ಎರಡು ಮನೆ ಹಾರಿತು! ಜಗಳವಾಡಿ ಒಪ್ಪಿಕೊಂಡೆ. ಕೊನೆಗೆ ನನಗೆ ಉಳಿದಿದ್ದ ಒಂದೇ ಆನೆಯನ್ನೂ ಎತ್ತಿಕೊಂಡ.

"ಅದನ್ನ ಹೊಡೀಬಾರದು ಕಣೋ!"

"ಯಾರು ಹೇಳಿದ್ದು?"

"ನಮ್ಮಲ್ಲೆ ಹಂಗ ಆಡಂಗಿಲ್ಲ," ಎಂದುಬಿಟ್ಟೆ.

ತಮ್ಮ ಬಿದ್ದು ಬಿದ್ದು ನಕ್ಕ. ಅಮ್ಮ ನಗಲಿಲ್ಲ. "ನಮ್ಮಲ್ಲಿ ಅಂದ್ರೆ ಎಲ್ಲೇ?" ಎಂದು ಕೇಳಿದರು.

ಅಮ್ಮನ ಮುಖ ನೋಡಿ ರುಜು ಹಾಕಿದೆ. ಹಿರೇಕೆರೂರಿಗೆ ಮರಳಿ ಹತ್ತು ದಿನವಾಯಿತು. ದಿನಾ ಆಡುತ್ತೇವೆ. ನೀಲವ್ವನಿಗೆ ಇನ್ನೂ ಹೇಳಿಲ್ಲ.